ಖರಾಬಿನ ಕಲಂ

ಅವರ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಬಲಗೈಯದು ಎಂದು ನನ್ನ ನೆನಪು. ನೌಕರಿಗೆ ಸೇರಿದ ಹೊಸದರಲ್ಲಿ ಅಳತೆಯ ಸರಪಳಿ ಕಲ್ಲಿಗೆ ಸಿಕ್ಕಿ, ಜಗ್ಗಿದಾಗ ಸೀಳಿದ್ದಂತೆ. ಆಮೇಲೆ ಉಗುರು ಬೆಳೆದದ್ದೆಲ್ಲ ಹಾಗೆಯೇ, ನಡುವೆ ಒಂದು ಗೀರು ಬಿಟ್ಟುಕೊಂಡು. ಗ್ರಾಫ್ ಹಾಳೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯುವಾಗ ಪೆನ್ಸಿಲಿನ ಮೊನೆ ಆ ಗೀರಿನಿಂದ ಹೊರಡುತ್ತಿತ್ತು. ಅವರ ಗೆರೆ ಯಾವತ್ತೂ ಬಾಗಿದ್ದು ನಾನು ನೋಡಿಲ್ಲ.

ಎಲ್ಲರೂ ಅವರನ್ನು ಸರ್ವೆ ಸಾಹೇಬರು ಎನ್ನುತ್ತಿದ್ದರು. ಶಿಕಾರಿಪುರ ತಾಲ್ಲೂಕಿನ ಹೊಲಗದ್ದೆಗಳನ್ನು ಅಳೆದು ಅಳೆದು ನಿವೃತ್ತರಾದವರು. ನಾನು ಸೊರಬದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕ. ಭಾನುವಾರ ಬೆಳಿಗ್ಗೆ ಸೊರಬದಲ್ಲಿ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಶಿಕಾರಿಪುರಕ್ಕೆ, ಅವರಲ್ಲಿಗೆ ಹೋಗುತ್ತಿದ್ದೆ. ಯಾಕೆ ಹೋಗುತ್ತಿದ್ದೆ ಎಂದು ಪ್ರತಿ ಸಲವೂ ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಯೋಚಿಸುತ್ತಿದ್ದೆ. ಉತ್ತರ ಹೊಳೆಯುವುದರೊಳಗೆ ಬಸ್ಸು ಬರುತ್ತಿತ್ತು.

ನಮ್ಮದು ನಾಲ್ಕು ಜನರ ಒಂದು ಅಧ್ಯಯನ ಕೂಟ. ಜಗತ್ತಿನಲ್ಲಿ ಎಲ್ಲೇ ರಾಕೆಟ್ ಹಾರಲಿ, ನಾವು ಬರೆದಿಡುತ್ತಿದ್ದೆವು. ಯಾರು ಹಾರಿಸಿದರು, ಎಷ್ಟು ಭಾರ ಹೊತ್ತಿತ್ತು, ಮೇಲೆ ಹೋಯಿತೋ ಕೆಳಗೆ ಬಿತ್ತೋ, ವರ್ಷದಿಂದ ವರ್ಷಕ್ಕೆ ತಂತ್ರಜ್ಞಾನ ಎತ್ತ ಸಾಗುತ್ತಿದೆ. ಕೂಡುತ್ತಿದ್ದದ್ದು ಮುಚ್ಚಿಹೋದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆಯಲ್ಲಿ. ಅದರ ಒಡತಿ ಟೈಪಿಂಗ್ ಮೇಡಂ ನಮ್ಮ ಮೂರನೆಯ ಸದಸ್ಯೆ. ಕಲಿಯುವವರಿಲ್ಲದೆ ಮೂಲೆ ಸೇರಿದ ಯಂತ್ರಗಳಲ್ಲಿ ಒಂದನ್ನು ಮಾತ್ರ ಎಣ್ಣೆ ಹಾಕಿ ಜೀವಂತ ಇಟ್ಟಿದ್ದರು. ನಮ್ಮ ವರ್ಷದ ವರದಿ ಅದರಲ್ಲೇ ಬಡಿಯುತ್ತಿದ್ದರು. "ರಾಕೆಟ್ಟಿನ ಪ್ರಗತಿ ಟೈಪ್ ಮಾಡೋಕೆ ಈ ಮುದುಕೀನೇ ಬೇಕು ನೋಡಿ" ಎಂದು ಯಂತ್ರದ ಬೆನ್ನು ತಟ್ಟುವರು. ನನ್ನನ್ನು ಕಂಡರೆ, "ಬಂದ್ರಾ ಅತಿಥಿಗಳು? ಇಷ್ಟು ವರ್ಷ ಆಯ್ತು, ಕಾಲೇಜಿನೋರು ಇನ್ನೂ ಎಲೆ ಹಾಕಿಲ್ವಾ?" ಎಂದು ನನ್ನ ಖಾಯಂ ಆಗದ ನೌಕರಿಯನ್ನು ಕೆಣಕುವರು.

ನಾಲ್ಕನೆಯವರು ಅಂಜನಾಪುರದ ಕಡೆ ಕುರಿ ಸಾಕುವ ಅಣ್ಣ. ನಸುಕಿನಲ್ಲಿ ಆಕಾಶದಲ್ಲಿ ಸಾಲಾಗಿ ಚುಕ್ಕೆಗಳು ಹೋದದ್ದನ್ನು ಕಂಡು, ಏನದು ಎಂದು ಕೇಳಲು ಬಂದವರು ಕೂತೇ ಬಿಟ್ಟರು. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಯಾರು ಏನು ಹೇಳಿದರೂ "ಹೂಂ... ಹೂಂ..." ಎನ್ನುತ್ತಿದ್ದರು. ನಿದ್ದೆ ಹೋಗಿದ್ದಾರೆ ಎಂದುಕೊಂಡರೆ ತಪ್ಪು. ನಡುವೆ ಒಮ್ಮೆಲೆ ಕಣ್ಣು ಬಿಟ್ಟು ಒಂದು ಪ್ರಶ್ನೆ ಕೇಳುತ್ತಿದ್ದರು. ಅದನ್ನು ಬಿಡಿಸಲು ನಮಗೆ ಮುಂದಿನ ಭಾನುವಾರ ಬೇಕಾಗುತ್ತಿತ್ತು.

ಸಾಹೇಬರಿಗೆ ರಾಕೆಟ್ಟಿನ ಗೀಳು ಹತ್ತಿದ್ದು ನೌಕರಿಯ ಕೊನೆಯಲ್ಲಿ. ಉಪಗ್ರಹದಿಂದ ಅಳೆಯುವ ಕೋಲೊಂದನ್ನು ಯಾರೋ ತಂದು ಹೊಲದಲ್ಲಿ ನಿಲ್ಲಿಸಿದರು. ಸರಪಳಿಯಲ್ಲಿ ಒಪ್ಪತ್ತು ಹಿಡಿಯುವ ಕೆಲಸ ಚಾ ಕುಡಿಯುವುದರೊಳಗೆ ಮುಗಿಯಿತು. "ನನಗ ಸಿಟ್ಟೇನು ಬರ್ಲಿಲ್ರೀ" ಎಂದಿದ್ದರು. "ನನ್ನ ಸರಪಳಿ ಕಸ್ಕೊಂಡೋನು ಮ್ಯಾಲೆ ಎಲ್ಲಿ ಕುಂತಾನ, ಎಷ್ಟು ಜನ ಅದಾರ, ನೋಡಬೇಕನ್ನಿಸ್ತು. ಅಷ್ಟ."

ಅವರ ದಾಖಲೆ ಪುಸ್ತಕ ಥೇಟ್ ಪಹಣಿಯ ಹಾಗಿತ್ತು. ಪ್ರತಿ ಉಡಾವಣೆಗೆ ಒಂದು ಸರ್ವೆ ನಂಬರು. ಹಾರಿಸಿದ ದೇಶವೋ ಕಂಪನಿಯೋ, ಅದು ಕಬ್ಜೆದಾರ, ಅಂದರೆ ಹೊಲದ ಒಡೆಯ. ಹೊತ್ತ ಭಾರ ವಿಸ್ತೀರ್ಣ. ಕೊನೆಯಲ್ಲಿ ಷರಾ. ಅದಕ್ಕೂ ಮುಂಚೆ ಒಂದು ಕಲಂ: ಖರಾಬು. ಹೊಲದಲ್ಲಿ ಬೆಳೆ ತೆಗೆಯಲು ಬಾರದ ಜಾಗವನ್ನು ಪಹಣಿಯಲ್ಲಿ ಖರಾಬು ಎಂದು ಬರೆಯುತ್ತಾರೆ. ಸಾಹೇಬರು ಬಿದ್ದ ರಾಕೆಟ್ಟುಗಳನ್ನೆಲ್ಲ ಅಲ್ಲಿ ಬರೆಯುತ್ತಿದ್ದರು.

ಖರಾಬಿನಲ್ಲಿ ಎರಡು ಜಾತಿ. ಹೊಲದ ಯಜಮಾನನದೇ ಆದ ಬಂಡೆ, ಕೊರಕಲು 'ಅ' ಖರಾಬು. ಊರಿನ ದಾರಿ, ಹಳ್ಳ 'ಬ' ಖರಾಬು; ಅಲ್ಲೂ ಬೆಳೆ ಇಲ್ಲ, ಆದರೆ ಎಲ್ಲರೂ ಓಡಾಡುತ್ತಾರೆ. ರಾಕೆಟ್ಟು ಬಿದ್ದು, ಯಾಕೆ ಬಿತ್ತೆಂದು ಹೇಳದೆ ಮುಚ್ಚಿಟ್ಟರೆ ಸಾಹೇಬರ ಪುಸ್ತಕದಲ್ಲಿ ಅದು 'ಅ'. ಕಾರಣವನ್ನು ಜಗತ್ತಿಗೆ ಹೇಳಿದರೆ 'ಬ'. "ಹೇಳಿದ್ರ ಅದು ದಾರಿ ಆತು. ಹಿಂದ ಬರೋರು ನಡೀತಾರ" ಎನ್ನುತ್ತಿದ್ದರು. ಎಷ್ಟೋ ನಂಬರುಗಳ ಮುಂದೆ ಪೆನ್ಸಿಲಿನಲ್ಲಿ 'ಅ/ಬ' ಎಂದು ಎರಡೂ ಬರೆದು ಬಿಟ್ಟಿರುತ್ತಿದ್ದರು. ಕಬ್ಜೆದಾರ ಬಾಯಿ ಬಿಟ್ಟ ಮೇಲೆ, ಅನ್ವಯಿಸದ ಅಕ್ಷರದ ಮೇಲೆ ಶಾಯಿಯಲ್ಲಿ ಒಂದು ಗೀಟು. ಕೆಲವು ಅಕ್ಷರಗಳು ವರ್ಷಗಟ್ಟಲೆ ಕಾದವು.

ನಾನು ಹೋದ ದಿನದಿಂದಲೇ ತಕರಾರು ತೆಗೆದವನು. ಇದೆಲ್ಲ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ನಮಗಿಂತ ಚೆನ್ನಾಗಿ ಬರೆದಿಟ್ಟವರಿದ್ದಾರೆ, ಶಿಕಾರಿಪುರದಲ್ಲಿ ಕೂತು ಗೆರೆ ಎಳೆದರೆ ಯಾರಿಗೇನು ಎಂದಿದ್ದೆ. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ, "ಕಚೇರಿ ಕಂಪ್ಯೂಟರಿನಾಗೂ ಎಲ್ಲಾ ಹೊಲ ಐತ್ರೀ. ಆದ್ರ ಒಬ್ಬ ಹೋಗಿ ಬದುವಿನ ಮ್ಯಾಲೆ ನಿಂತು ನೋಡಬೇಕಲ್ಲ" ಎಂದರು. ಅದು ಉತ್ತರವೇ ಅಲ್ಲ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೂ ಮುಂದಿನ ಭಾನುವಾರ ಹೋದೆ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ.

ಖಾಯಂ ನೌಕರಿಯ ಆಯ್ಕೆಗೆ ಪ್ರಕಟವಾದ ಲೇಖನ ಇದ್ದರೆ ಅಂಕ ಸಿಗುತ್ತದೆ. ಒಂದು ವಿಚಾರ ಸಂಕಿರಣಕ್ಕೆ ನಾನು ನಮ್ಮ ಪುಸ್ತಕದ ಆಧಾರದ ಮೇಲೆ ಪ್ರಬಂಧ ಬರೆಯಹೊರಟೆ. ಬಾಹ್ಯಾಕಾಶ ತಂತ್ರಜ್ಞಾನ ಏರುತ್ತಲೇ ಇದೆ ಎಂಬುದು ನನ್ನ ವಾದ. ಆದರೆ ಈಚಿನ ವರ್ಷಗಳಲ್ಲಿ ಹೊಸ ಹೊಸ ಕಂಪನಿಗಳ ಮೊದಲ ರಾಕೆಟ್ಟುಗಳು ಸಾಲಾಗಿ ಬಿದ್ದಿದ್ದವು. ಅವನ್ನು ಸೇರಿಸಿದರೆ ಗ್ರಾಫಿನಲ್ಲಿ ನನ್ನ ಗೆರೆ ತುದಿಯಲ್ಲಿ ಜೋಲು ಬೀಳುತ್ತಿತ್ತು. ಮೊದಲ ಹಾರಾಟವೆಂದರೆ ಪರೀಕ್ಷೆ ತಾನೆ, ಲೆಕ್ಕದಿಂದ ಬಿಟ್ಟರಾಯಿತು ಎಂದುಕೊಂಡೆ. ಬಿಟ್ಟೆ. ಬಿಟ್ಟದ್ದನ್ನು ಪ್ರಬಂಧದಲ್ಲಿ ಹೇಳಲಿಲ್ಲ. ಗೆರೆ ಚೆಂದವಾಗಿ ಮೇಲೆ ಹೋಯಿತು. ಸಂಕಿರಣದಲ್ಲಿ ಚಪ್ಪಾಳೆ ಬಿತ್ತು. ಹನ್ನೊಂದು ಪುಟ ಅಚ್ಚಾಯಿತು.

ಅಚ್ಚಾದ ಪುಸ್ತಕವನ್ನು ಸಾಹೇಬರಿಗೆ ಕೊಟ್ಟೆ. ಅವರು ಅಲ್ಲೇ ಓದಿದರು. ಪುಸ್ತಕ ಹಿಡಿದುಕೊಂಡೇ ನನ್ನನ್ನು ಬಿಡಲು ಬಸ್‌ಸ್ಟ್ಯಾಂಡಿನವರೆಗೆ ಬಂದರು. ಕಲ್ಲುಬೆಂಚಿನ ಮೇಲೆ ಕೂತು ಕೇಳಿದರು: "ಇದರಾಗ ಖರಾಬು ಎಲ್ಲೈತ್ರೀ?"

"ಅವು ಟೆಸ್ಟ್ ಸರ್. ಬಿಟ್ಟಿದೀನಿ."

"ಬಿಟ್ಟೀನಿ ಅಂತ ಬರದಿಲ್ಲ."

"ಎಲ್ರೂ ಬಿಡ್ತಾರೆ ಸರ್. ಎಂತ ಆಯ್ತು ಈಗ?"

"ಖರಾಬು ಬಿಟ್ಟು ನಕಾಶೆ ಬರದ್ರ ಊರಾಗ ದಾರೀನ ಇರಂಗಿಲ್ರೀ. ಹೊಲಕ್ಕ ಹೋಗೋದು ಹೆಂಗ?"

ನನಗೆ ಸಿಟ್ಟು ಬಂತು. ದಣಿದಿದ್ದೆ ಕೂಡ. ಬೆಳಿಗ್ಗೆಯಿಂದ ಎರಡು ಬಸ್ಸು, ಇನ್ನೆರಡು ಬಾಕಿ. "ಆವತ್ತು ಬೋರ್ಡಿನ ಮೇಲೆ ಬರೆದು ಕೇಳಿದ್ನಲ್ಲ ಸರ್, ಬಿಡ್ಲಾ ಅಂತ. ನೀವೇ ಹೂಂ ಅಂದ್ರಿ" ಎಂದೆ.

ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ನಾನು ಕೂಟದ ಕೋಣೆಯ ಬೋರ್ಡಿನ ಕಡೆ ಮುಖ ಮಾಡಿ ಎರಡು ಗೆರೆ ಎಳೆದಿದ್ದೆ, ಒಂದು ಜೋಲಿದ್ದು, ಒಂದು ಏರಿದ್ದು. ಕೆಳಗಿನ ಚುಕ್ಕೆಗಳನ್ನು ಬಿಡಬಹುದಾ ಎಂದು ಕೇಳಿದೆ. ಹಿಂದಿನಿಂದ "ಹೂಂ" ಎಂದು ಬಂತು. ತಿರುಗಿ ನೋಡಿದೆ. ಸಾಹೇಬರು ಸ್ಕೇಲಿನ ಮೇಲೆ ಹೆಬ್ಬೆರಳಿಟ್ಟು ತಲೆ ಆಡಿಸಿದರು. ಆ ಸೀಳು ಉಗುರು ಕೂಡ ಕಣ್ಣಿಗೆ ಕಟ್ಟಿದಂತಿತ್ತು.

ಸಾಹೇಬರು ಪುಸ್ತಕ ಮಡಚಿ ಬಗಲಿಗೆ ಇಟ್ಟುಕೊಂಡರು. ನನ್ನ ಬಸ್ಸು ಬಂದು ನಿಂತಿತು. "ಅಂದಿರಬೇಕು ಬಿಡ್ರಿ" ಎಂದು ಎದ್ದರು.

ಮುಂದಿನ ಭಾನುವಾರ ಹಳೆಯ ಪುಸ್ತಕ ಮೇಜಿನ ಮೇಲಿರಲಿಲ್ಲ. ಸಾಹೇಬರು ಹೊಸದೊಂದಕ್ಕೆ ಗೆರೆ ಎಳೆದು, ಕಲಂಗಳ ಹೆಸರು ಬರೆದು ತಂದಿದ್ದರು. ನನ್ನ ಕೈಗೆ ಕೊಟ್ಟು, "ನೆನಪು ಕೈ ಕೊಡೋರು ದಾಖಲೆ ಇಡಬೇಕು. ಇನ್ನು ನೀವ ಬರೀರಿ" ಎಂದರು. ಮಾತು ತಿರುಗಾಮುರುಗಾ ಆಗಿದೆ, ಪಾಪ, ವಯಸ್ಸಾಯಿತು ಎಂದುಕೊಂಡೆ. ನೆನಪು ಕೈ ಕೊಡುವವರು ದಾಖಲೆ ಇಡಬಾರದು ಎಂದು ಹೇಳಹೊರಟಿರಬೇಕು. ಸೊರಬಕ್ಕೆ ವಾಪಸು ಬರುವಾಗ ಅವರ ಮೇಲೆ ಕನಿಕರಪಟ್ಟೆ. ಇದನ್ನೂ ಬರೆದಿಡಬೇಕು.

ಆಮೇಲೂ ಅವರು ತಪ್ಪದೆ ಬಂದರು. ಗೆರೆ ಎಳೆದುಕೊಟ್ಟರು. ನಾನು ಬರೆಯುವಾಗ ಪಕ್ಕದಲ್ಲಿ ಕೂತು ಖರಾಬಿನ ಕಲಂ ತುಂಬಿದ್ದೇನೋ ಇಲ್ಲವೋ ಎಂದು ಮಾತ್ರ ನೋಡುತ್ತಿದ್ದರು. ನನ್ನ ಪ್ರಬಂಧದ ಮಾತು ಎತ್ತಲಿಲ್ಲ. ಆ ಸಲದ ಆಯ್ಕೆಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. "ಮುಂದಿನ ಸಲ ನೋಡೋಣ್ರಿ" ಎಂದು ಚಾ ಕುಡಿಸಿದರು.

ಎರಡು ವರ್ಷ ಹೀಗೇ ಹೋಯಿತು. ಒಂದು ಬುಧವಾರ ಟೈಪಿಂಗ್ ಮೇಡಂ ಫೋನ್ ಮಾಡಿದರು. ಸಾಹೇಬರು ಬೆಳಿಗ್ಗೆ ಹಲ್ಲುಜ್ಜಿ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲವಂತೆ. ನಾನು ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು.

ಮರುವಾರ ನಾವು ಮೂವರು ಅದೇ ಕೋಣೆಯಲ್ಲಿ ಸೇರಿದೆವು. ಅವರ ಬಗ್ಗೆ ಒಂದು ಪುಟ ಬರೆದು ವರದಿಯಲ್ಲಿ ಸೇರಿಸೋಣ ಎಂದು ಮೇಡಂ ಹೇಳಿದರು. ಉಗುರಿನಿಂದಲೇ ಶುರು ಮಾಡಿ ಓದಿದೆ: "ಅವರ ಬಲಗೈ ಹೆಬ್ಬೆರಳು..."

"ಎಡಗೈ" ಎಂದರು ಮೇಡಂ.

"ಬಲಗೈ ಮೇಡಂ. ನಾನು ಎಷ್ಟು ಸಲ ನೋಡಿದೀನಿ."

"ಬಲಗೈಲಿ ಪೆನ್ಸಿಲ್ ಹಿಡೀತಿದ್ರು. ಸ್ಕೇಲ್ ಒತ್ತಿಹಿಡೀತಿದ್ದದ್ದು ಎಡಗೈಲಿ. ಪೆನ್ಸಿಲ್ ಹಿಡಿದ ಕೈ ಉಗುರೊಳಗೆ ಅದೇ ಪೆನ್ಸಿಲ್ ಹೆಂಗ್ರೀ ಕೂರುತ್ತೆ?"

ಹೌದಲ್ಲ ಎನ್ನಿಸಿತು. ಅಷ್ಟು ಸ್ಪಷ್ಟವಾಗಿ ಕಂಡದ್ದು ಸುಳ್ಳಾದರೆ, ಉಳಿದದ್ದರ ಗತಿ ಏನು? ಹಳೆಯ ಪುಸ್ತಕ ಸಿಕ್ಕರೆ ಮೊದಲ ವರ್ಷಗಳ ವಿಷಯ ತಾಳೆ ನೋಡಬಹುದು, ಎಲ್ಲಿದೆ ಅದು ಎಂದು ಕೇಳಿದೆ.

ಮೇಡಂ ನನ್ನನ್ನೇ ನೋಡಿದರು. ಬೀರು ತೆಗೆದು, ಬಟ್ಟೆಯಲ್ಲಿ ಸುತ್ತಿದ್ದನ್ನು ತಂದಿಟ್ಟರು. "ಕೇಳಿದ್ರ ಕೊಡ್ರಿ, ಕೇಳದ ಕೊಡಬ್ಯಾಡ್ರಿ ಅಂದಿದ್ರು ಸಾಹೇಬ್ರು. ಎರಡು ವರ್ಷ ಆಯ್ತು. ಇವತ್ತು ಕೇಳಿದ್ರಿ."

ಕೊನೆಯ ಪುಟದ ಕೊನೆಯ ಸಾಲು ಉಡಾವಣೆಯದಲ್ಲ. ಸರ್ವೆ ನಂಬರಿತ್ತು. ಕಬ್ಜೆದಾರ: ಸೊರಬದ ಅತಿಥಿಗಳು. ವಿಸ್ತೀರ್ಣ: ಹನ್ನೊಂದು ಪುಟ. ಖರಾಬು: ಪೆನ್ಸಿಲಿನಲ್ಲಿ 'ಅ/ಬ', ಎರಡಕ್ಕೂ ಗೀಟಿಲ್ಲ. ಷರಾದಲ್ಲಿ ಸಣ್ಣ ಅಕ್ಷರ: 'ಬೋರ್ಡಿನ ಮೇಲೆ ಬರೆದ ಭಾನುವಾರ ನಾನು ಹಾಜರಿಲ್ಲ. ಬಳ್ಳಿಗಾವಿಯಲ್ಲಿ ಅಣ್ಣತಮ್ಮಂದಿರಿಗೆ ಹೊಲದ ಹದ್ದು ತೋರಿಸಿಕೊಡಲು ಹೋಗಿದ್ದೆ.'

"ಆವತ್ತು ನೀವಿದ್ರಲ್ಲ ಮೇಡಂ?"

"ನಾನು ಬೀಗ ತೆಗೆದುಕೊಟ್ಟು ಮದುವೆಗೆ ಹೋಗಿದ್ದೆ. ಇದ್ದಿದ್ದು ನೀವಿಬ್ರೇ."

ಕುರಿಯ ಅಣ್ಣನ ಕಡೆ ತಿರುಗಿದೆ. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು.

"ಅಣ್ಣಾ, ಆವತ್ತು ಹೂಂ ಅಂದಿದ್ದು ಯಾರು?"

"ನಾನ. ಮತ್ಯಾರ ಇದ್ರು ಅಲ್ಲಿ?"

"ಅಂದ್ರೆ ನೀವು ಒಪ್ಪಿದ್ರಾ?"

ಅವರು ಕಣ್ಣು ಬಿಟ್ಟರು. "ಒಪ್ಪಾಕ ನನಗೇನು ತಿಳೀತತಿ ಸರ? ಮಾತಾಡೋರಿಗೆ ಹೂಂ ಅನ್ನದಿದ್ರ ಅವರಿಗೆ ಬ್ಯಾಸರ ಆಗತತಿ. ಕೇಳಾಕ ಹತ್ತೀನಿ ಅಂತ ಹೂಂ." ಆಮೇಲೆ ಅವರೇ ಕೇಳಿದರು, "ಅಲ್ಲ, ಸತ್ತ ಮರಿ ಬಿಟ್ಟು ಎಣಿಸಿದ್ರ ಹಿಂಡು ಬೆಳದೈತೋ ಇಲ್ಲೋ ಹೆಂಗ ಗೊತ್ತಾಗತತಿ? ಆವತ್ತ ಕೇಳಬೇಕಂದೆ. ನೀವು ತಿರುಗಿ ನೋಡ್ಲ ಇಲ್ಲ."

ನಾನು ತಿರುಗಿ ನೋಡಿರಲಿಲ್ಲ. ಸಾಹೇಬರ ತಲೆ, ಸ್ಕೇಲು, ಉಗುರು, ಎಲ್ಲವನ್ನೂ ನಾನೇ ಆಮೇಲೆ ಜೋಡಿಸಿಕೊಂಡಿದ್ದೆ. ಅದೂ ತಪ್ಪು ಕೈಗೆ. ಬೇಕೆಂದು ಸುಳ್ಳು ಹೇಳಿದೆನೇ ಎಂದು ಎಷ್ಟೋ ದಿನ ನನ್ನನ್ನೇ ಕೆದಕಿದೆ. ಇಲ್ಲ ಎನ್ನಿಸುತ್ತದೆ. ಆದರೆ ಹಾಗೆ ಅನ್ನಿಸುವುದಕ್ಕೆ ಈಗ ಎಷ್ಟು ಬೆಲೆ ಕೊಡಬೇಕೋ ತಿಳಿಯದು. ಅವರಿಗೆ ಆ ಬೆಂಚಿನ ಮೇಲೇ ಗೊತ್ತಿತ್ತು. ಒಂದು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು. 'ಅಂದಿರಬೇಕು ಬಿಡ್ರಿ' ಎಂದು ನನ್ನನ್ನು ಬಸ್ಸು ಹತ್ತಿಸಿದರು. ಹೊಸ ಪುಸ್ತಕ ಕೊಡುವಾಗ ಅವರ ಮಾತು ತಿರುಗಾಮುರುಗಾ ಆಗಿರಲಿಲ್ಲ. ನೆನಪು ಕೈ ಕೊಡುವವನ ಕೈಗೇ ದಾಖಲೆ ಇಟ್ಟಿದ್ದರು.

ಸಂಕಿರಣದ ಸಂಪಾದಕರಿಗೆ ಪತ್ರ ಬರೆದಿದ್ದೇನೆ. ಬಿಟ್ಟ ರಾಕೆಟ್ಟುಗಳ ಪಟ್ಟಿ, ಅವನ್ನು ಸೇರಿಸಿದರೆ ಬರುವ ಜೋಲು ಗೆರೆ, ಎರಡನ್ನೂ ಲಗತ್ತಿಸಿದ್ದೇನೆ. ಉತ್ತರ ಬಂದಿಲ್ಲ. ಈ ಸಲದ ಅರ್ಜಿಯಿಂದ ಆ ಪ್ರಬಂಧವನ್ನು ತೆಗೆದೆ. ಅಂಕ ಸಾಲದು, ಇನ್ನೊಂದು ವರ್ಷ ಅತಿಥಿಯೇ. ಮೇಡಂ 'ಎಲೆ ಹಾಕಿಲ್ವಾ' ಎಂಬ ಮಾತು ಎತ್ತುವುದನ್ನು ಬಿಟ್ಟಿದ್ದಾರೆ. ಎತ್ತಿದ್ದರೇ ಚೆನ್ನಾಗಿತ್ತು.

ಹಳೆಯ ಪುಸ್ತಕ ಈಗ ಸೊರಬದಲ್ಲಿ ನನ್ನ ಮೇಜಿನ ಮೇಲಿದೆ. ಪಕ್ಕದಲ್ಲಿ ಶಾಯಿಯ ಪೆನ್ನು, ಅವರ ಸ್ಕೇಲು. ನನ್ನ ಆ ಕೊನೆಯ ಸಾಲಿನ 'ಅ' ಮೇಲೆ ಗೀಟು ಎಳೆಯಲು ಎರಡು ಸಲ ಕೂತು ಎದ್ದಿದ್ದೇನೆ. ಪತ್ರವನ್ನು ಸಂಪಾದಕರೊಬ್ಬರೇ ಓದಿದರೆ ಅದು ದಾರಿಯಾಗುವುದಿಲ್ಲ. ಈಗ ಬರೆದ ಈ ಬರಹ ಅಚ್ಚಾಗಿ, ಗುರುತಿಲ್ಲದ ಯಾರಾದರೂ ಓದಿದ ಮೇಲೆ ಎಳೆಯುತ್ತೇನೆ. ಅದಕ್ಕೆ ಮುಂಚೆ ಎಳೆದರೆ ಅವರ ಪುಸ್ತಕದಲ್ಲಿ ಇನ್ನೊಂದು ತಪ್ಪು ದಾಖಲೆ ನನ್ನ ಕೈಯಿಂದ ಸೇರಿದಂತಾಗುತ್ತದೆ.