ಟಕಟಕ ಮಾಮನ ಮಂಡಿ ನೋವು

ಬೀದಿಯ ಮಕ್ಕಳೆಲ್ಲ ಅವನನ್ನು ಟಕಟಕ ಮಾಮ ಅಂತಲೇ ಕರೆಯುತ್ತಿದ್ದರು. ದಪ್ಪ ಮೀಸೆ, ಅದಕ್ಕಿಂತ ದಪ್ಪ ಹೊಟ್ಟೆ. ಆದರೆ ಮನೆಯೊಳಗೆ ಕಾಲಿಟ್ಟನೆಂದರೆ ಥೇಟ್ ಬೆಕ್ಕು. "ರೀ, ಕೆಮ್ಮಿಯಾದ್ರೂ ಬನ್ನಿ! ಸದ್ದಿಲ್ಲದೆ ಹಿಂದೆ ಬಂದು ನಿಂತು ನನ್ನ ಜೀವ ತೆಗೀತೀರಲ್ಲ," ಅಂತ ಹೆಂಡತಿ ದಿನಕ್ಕೊಮ್ಮೆಯಾದರೂ ಬೈಯುತ್ತಿದ್ದಳು. ಮಾಮನ ಉತ್ತರ ಒಂದೇ: "ಸದ್ದು ಮಾಡೋದು ಡ್ಯೂಟಿ ಕಣೇ. ಮನೇಲಿ ಕಾಲಿಗೆ ರಜಾ."

ಆ ಡ್ಯೂಟಿ ಏನು ಅಂತ ಹೇಳಿದರೆ ಜನ ನಂಬುತ್ತಲೇ ಇರಲಿಲ್ಲ. ಸಿನಿಮಾದಲ್ಲಿ ಹೀರೋ ಬೂಟು ಬಡಿಯುತ್ತ ಮೆಟ್ಟಿಲು ಹತ್ತುತ್ತಾರಲ್ಲ, ಆ ಸದ್ದು ಹೀರೋದಲ್ಲ. ಶೂಟಿಂಗಿನಲ್ಲಿ ಕ್ಯಾಮೆರಾದ ಗಿರಗಿರ, ಲೈಟಿನವರ ಕೂಗಾಟ. ಅದರ ಮಧ್ಯೆ ಹೆಜ್ಜೆ ಸದ್ದು ಯಾರ ಕಿವಿಗೆ ಬೀಳಬೇಕು? ಎಲ್ಲ ಮುಗಿದ ಮೇಲೆ, ಗೋಡೆಗೆ ದಪ್ಪ ಬಟ್ಟೆ ಹೊದಿಸಿದ ಕೋಣೆಯಲ್ಲಿ ತೆರೆಯ ಮೇಲೆ ಚಿತ್ರ ಓಡಿಸುತ್ತಾರೆ. ಅದನ್ನು ನೋಡಿಕೊಂಡು ಒಬ್ಬ ಮನುಷ್ಯ ನಡೆಯಬೇಕು. ಆ ಮನುಷ್ಯ ನಮ್ಮ ಮಾಮ. ನೆಲದ ಮೇಲೆ ಒಂದು ಮರದ ಹಲಗೆ, ಒಂದು ಕಲ್ಲುಚಪ್ಪಡಿ, ಟ್ರೇ ತುಂಬ ಮರಳು, ಒಂದು ರಾಶಿ ಒಣಗಿದೆಲೆ. ಮೊಣಕಾಲೆತ್ತರಕ್ಕೆ ಮೈಕು. ಸದ್ದಾಗುತ್ತದೆಂದು ಫ್ಯಾನು ಬಂದ್. ಬೆವರು ಸುರಿಸುತ್ತ ಮಾಮ ಹೀರೋ ಆಗಿ ನಡೆಯುತ್ತಿದ್ದ, ವಿಲನ್ ಆಗಿ ನಡೆಯುತ್ತಿದ್ದ, ಹಿಂದಿನ ಪಟ್ಟಿ ಕತ್ತರಿಸಿದ ಹೈಹೀಲ್ಸಿಗೆ ಹೇಗೋ ಕಾಲು ತುರುಕಿ ಹೀರೋಯಿನ್ ಆಗಿಯೂ ನಡೆಯುತ್ತಿದ್ದ. ಮೀಸೆ ತಿರುವಿಕೊಂಡು ಬಳುಕುವ ಅಪ್ಪನನ್ನು ನೋಡಿ ಮಗಳು ಒಮ್ಮೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ರೆಕಾರ್ಡಿಂಗನ್ನೇ ಹಾಳು ಮಾಡಿದ್ದಳು.

ಥಿಯೇಟರಿಗೆ ಹೋದರಂತೂ ಹೆಂಡತಿಗೆ ಗ್ರಹಚಾರ. ಅವಳು ಕಣ್ಣೊರೆಸಿಕೊಳ್ಳುತ್ತ ಕೂತಿರುವಾಗ ಇವನು ಮೊಣಕೈಯಿಂದ ಅವಳ ಪಕ್ಕೆಗೆ ತಿವಿದು, "ನಾನೇ, ನಾನೇ," ಅನ್ನುತ್ತಿದ್ದ. ಹೀರೋಯಿನ್ ಅಳುತ್ತ ಓಡಿದರೂ "ನಾನೇ!"

ಎಲ್ಲರಿಗಿಂತ ಹೆಚ್ಚಾಗಿ ಅವನು ನಡೆದದ್ದು ಒಬ್ಬರೇ ಹೀರೋಗೆ. ಮೂವತ್ತೊಂದು ವರ್ಷ! ಆ ಹೀರೋ ಪೋಲೀಸಾಗಲಿ, ರಾಜನಾಗಲಿ, ಕಾಲು ಮಾಮನದು. ತಮಾಷೆ ನೋಡಿ, ಇಬ್ಬರೂ ಒಂದು ದಿನವೂ ಮಾತಾಡಿದವರಲ್ಲ. ಹೀರೋನ ಮುಖ ನೋಡುವುದಕ್ಕೇ ಮಾಮನಿಗೆ ಪುರುಸೊತ್ತಿರಲಿಲ್ಲ. ಅವನ ಕಣ್ಣು ಸದಾ ಕಾಲಿನ ಮೇಲೆ, ಕಾಲು ಕಾಣದಿದ್ದರೆ ಭುಜದ ಮೇಲೆ. ಭುಜ ಇಳಿದರೆ ಹೆಜ್ಜೆ ಊರಿತು ಅಂತ ಲೆಕ್ಕ. ಒಮ್ಮೆ ಸ್ಟುಡಿಯೋ ಗೇಟಿನಲ್ಲಿ ಯಾರೋ ಎದುರಿಗೆ ಬಂದು ದಾಟಿಹೋದರು. ಹತ್ತು ಮಾರು ಹೋದ ಮೇಲೆ ಬೆನ್ನು ನೋಡಿ ಮಾಮ ಹಣೆ ಚಚ್ಚಿಕೊಂಡ. "ಅಯ್ಯೋ, ಇವರು ಅವರಲ್ವಾ!"

ಆ ವರ್ಷ ಹೀರೋ ನ್ಯಾಯಾಧೀಶರ ಪಾತ್ರ ಮಾಡಿದ್ದರು. ತೀರ್ಪು ಹೇಳಲು ಉದ್ದನೆಯ ಕಾರಿಡಾರಿನಲ್ಲಿ ಒಬ್ಬರೇ ನಡೆದು ಹೋಗುತ್ತಾರೆ. ನಲವತ್ತೊಂದು ಹೆಜ್ಜೆ. ಮಾತಿಲ್ಲ. ನಿರ್ದೇಶಕ ಎಳೆಯ ಪ್ರಾಯದವನು, ಬಿಸಿರಕ್ತ. "ಇಲ್ಲಿ ಮ್ಯೂಸಿಕ್ ಬೇಡ. ಬರೀ ಹೆಜ್ಜೆ ಸದ್ದಲ್ಲೇ ಜನ ಉಸಿರು ಬಿಗಿಹಿಡೀಬೇಕು," ಅಂದ.

ಮಾಮ ಕಂದು ಬೂಟು ಮೆಟ್ಟಿಕೊಂಡು ಕಲ್ಲಿನ ಮೇಲೆ ನಡೆದ. ಮುಗಿಯಿತು. ಗಾಜಿನಾಚೆ ಕೂತಿದ್ದ ನಿರ್ದೇಶಕ ಹುಬ್ಬು ಗಂಟಿಕ್ಕಿದ. "ಏನಿದು? ಕಾಲೆಳೀತಿದೀರಲ್ಲ?"

ಸೌಂಡ್ ಇಂಜಿನಿಯರ್ ಹಾಕಿ ಕೇಳಿಸಿದ. ಹೌದು. ಟಕ್, ಟಕ್ಕ. ಟಕ್, ಟಕ್ಕ. ಬಲಗಾಲು ಒಂದು ಕೂದಲಿನಷ್ಟು ತಡ. ಮಾಮ ತೆರೆಯ ಕಡೆ ಇನ್ನೊಮ್ಮೆ ಕಣ್ಣು ನೆಟ್ಟ. ಹೀರೋನ ಬಲಭುಜ ತಡವಾಗಿ ಇಳಿಯುತ್ತಿತ್ತು. ಆ ಕಡೆಯ ಕಂಕುಳಲ್ಲೊಂದು ಫೈಲು ಬಿಗಿಯಾಗಿ ಒತ್ತಿಕೊಂಡಿದ್ದರು, ಯಾರಿಗೂ ತಿಳಿಯಬಾರದು ಅಂತ. ಯಾರಿಗೂ ತಿಳಿದೂ ಇರಲಿಲ್ಲ. ಮಾಮನಿಗೆ ಈಗ ಹೊಳೆಯಿತು. ಇವರಿಗೆ ಕಾಲು ನೋವು! ಹೊಡೆದಾಟದ ಸಿನಿಮಾ ಇನ್ನೂ ಮೂರು ಒಪ್ಪಿಕೊಂಡಿದ್ದಾರೆ. ಇಲ್ಲಿ ಬಾಯಿಬಿಟ್ಟರೆ ಮಧ್ಯಾಹ್ನದೊಳಗೆ ಇಡೀ ಸ್ಟುಡಿಯೋದಲ್ಲಿ ಡಂಗುರ.

"ವಯಸ್ಸಾಯ್ತು ಸಾರ್," ಅಂದ ಮಾಮ. "ಮಂಡಿ ನೋವು."

ಆಮೇಲೆ ನೆಟ್ಟಗೆ ನಡೆದು ತೋರಿಸಿದ. ನೆಟ್ಟಗೆ ನಡೆದರೆ ಸದ್ದು ಚಿತ್ರಕ್ಕೆ ಅಂಟುವುದಿಲ್ಲ. ನಿರ್ದೇಶಕನಿಗೆ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಏಳು ಸಲ ಆಯಿತು. ಕೊನೆಗೆ ಅವನು ಇಂಜಿನಿಯರ್ ಕಡೆ ತಿರುಗಿದ. ಮಾತು ಒಳಗೆ ಕೇಳುವ ಸ್ವಿಚ್ಚು ಹಾಕಿದ್ದು ಮರೆತೇಹೋಗಿತ್ತು. "ಪಾಪ, ಇವರ ಕಾಲ ಮುಗೀತು. ನಾಳೆಯಿಂದ ಬೇರೆಯವರನ್ನ ಕರೆಸಿ."

ಮಾಮ ಬಗ್ಗಿ ಬೂಟಿನ ಲೇಸು ಬಿಚ್ಚಿದ.

ಮನೆಯಲ್ಲಿ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮಂಡಿ ನೋವಾ? ನಿಮಗಾ? ನಿನ್ನೆ ತಾನೇ ಮೇಜು ಹತ್ತಿ ಬಲ್ಬ್ ಹಾಕಿದ್ರಿ!" ಅವಳ ಮುಂದೆ ಸುಳ್ಳು ನಡೆಯುವುದುಂಟೇ? ಮಾಮ ಇದ್ದದ್ದನ್ನೆಲ್ಲ ಹೇಳಿಬಿಟ್ಟ.

"ಅಲ್ರೀ, ಅವರ ಗುಟ್ಟು ಕಾಯೋಕೆ ನಿಮ್ಮ ಕೆಲಸಾನೇ ಕಳ್ಕೊಳ್ಳೋದಾ? ನೀವು ಯಾರು ಅಂತ ಕೂಡ ಗೊತ್ತಿಲ್ಲ ಆ ಮಹಾರಾಯರಿಗೆ!"

"ಮೂವತ್ತೊಂದು ವರ್ಷ ಒಟ್ಟಿಗೆ ನಡ್ದಿದೀವಿ ಕಣೇ," ಅಂದ ಮಾಮ. "ಈಗ ಹೇಗೆ ಕೈಬಿಡಲಿ?" ಅವನ ಕಣ್ಣು ತುಂಬಿಬಂತು. ಅವಳು ಪಕ್ಕದಲ್ಲಿ ಬಂದು ಕೂತಳು.

ಮರುದಿನ ಬೆಳಿಗ್ಗೆ ಬೂಟು-ಚಪ್ಪಲಿಗಳನ್ನೆಲ್ಲ ಚೀಲಕ್ಕೆ ತುಂಬಿ ತರಲು ಮಾಮ ಸ್ಟುಡಿಯೋಗೆ ಹೋದ. ಹೋಗಿ ನೋಡಿದರೆ ಕೋಣೆಯಲ್ಲಿ ಖುದ್ದು ಹೀರೋ! ಡೈಲಾಗ್ ಡಬ್ಬಿಂಗಿಗೆ ಬಂದಿದ್ದರು. ಮಾಮ ಸದ್ದಿಲ್ಲದೆ ಬೂಟುಗಳನ್ನು ಚೀಲಕ್ಕೆ ತುಂಬಿ ಮೂಲೆಯಲ್ಲಿ ಗೋಡೆಗಂಟಿ ನಿಂತ. ತೀರ್ಪಿನ ಮಾತಿಗೆ ಮುಂಚಿನ ಕಾರಿಡಾರಿನ ದೃಶ್ಯ ಬಂತು. ಇಂಜಿನಿಯರ್ ಹಳೇ ಗೆಳೆಯ, ಬಲು ಪಾಕಡಾ. ಹಿಂದಿನ ದಿನದ ಮೊದಲನೇ ಟೇಕನ್ನೇ ಹಾಕಿದ್ದ. ಟಕ್, ಟಕ್ಕ. ಟಕ್, ಟಕ್ಕ.

ಹೀರೋ ಕೈಯಲ್ಲಿದ್ದ ಹಾಳೆ ಕೆಳಗಿಟ್ಟರು. "ಈ ಹೆಜ್ಜೆ ಯಾರದು?"

ನಿರ್ದೇಶಕ ಗಡಿಬಿಡಿಯಿಂದ ಓಡಿಬಂದ. "ತಪ್ಪಾಗಿದೆ ಸಾರ್. ಅವರಿಗೆ ಮಂಡಿ ನೋವಂತೆ. ಅವರೇ ಹೇಳಿದ್ರು. ಬೇರೆಯವರ ಕೈಲಿ ಮಾಡಿಸ್ತೀವಿ."

"ಮಂಡಿ ನೋವು ಅಂತ ಅವರೇ ಹೇಳಿದ್ರಾ?"

ನಿರ್ದೇಶಕ ಕೈತೋರಿದ ಕಡೆ, ಚೀಲ ಹಿಡಿದು ನಿಂತವನನ್ನು ಹೀರೋ ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ, ಕಂಕುಳಲ್ಲಿ ಫೈಲೂ ಇಲ್ಲ, ಏನೂ ಇಲ್ಲ, ಅವನ ಕಡೆಗೆ ನಡೆದುಬಂದರು. ಆ ಕೋಣೆಯಲ್ಲಿ ಗುಂಡುಸೂಜಿ ಬಿದ್ದರೂ ಕೇಳುತ್ತದೆ. ಟಕ್, ಟಕ್ಕ. ಟಕ್, ಟಕ್ಕ. ನಿರ್ದೇಶಕ ಬಾಯಿ ತೆರೆದವನು ಮುಚ್ಚಲಿಲ್ಲ.

"ನಿಮ್ಮ ಮಂಡಿ ಈಗ ಹೇಗಿದೆ?" ಕೇಳಿದರು ಹೀರೋ.

ಮಾಮ ಚೀಲ ಎದೆಗವಚಿಕೊಂಡ. "ಪರವಾಗಿಲ್ಲ ಸಾರ್."

"ನನ್ನದು ಪರವಾಗಿಲ್ಲ ಅನ್ನೋ ಹಾಗಿಲ್ಲ ಕಣ್ರೀ. ಒಂದು ವರ್ಷದಿಂದ ಪ್ರಾಣ ಹಿಂಡ್ತಾ ಇದೆ." ಹಾಗಂದು ಜೋರಾಗಿ ನಕ್ಕುಬಿಟ್ಟರು, ದೊಡ್ಡ ಹೊರೆ ಇಳಿಸಿದವರ ಹಾಗೆ. ಮಾಮನ ಹೆಗಲ ಮೇಲೆ ಕೈ ಹಾಕಿ ನಿರ್ದೇಶಕನಿಗೆ ಹೇಳಿದರು: "ಅಲ್ಲಪ್ಪಾ, ನ್ಯಾಯಾಧೀಶನಿಗೆ ಅರವತ್ತು ವರ್ಷ ಅಂತ ನೀನೇ ಬರ್ದಿದೀಯ. ಹೀಗೇ ನಡೀಲಿ ಬಿಡು. ಇದೇ ಟೇಕ್ ಇರಲಿ. ಇನ್ನು ಮುಂದೆ ನಾನು ಎಲ್ಲಿ ನಡೆದರೂ ನಡೆಯೋರು ಇವರೇ. ಆ ಹೊಡೆದಾಟದ ಸಿನಿಮಾಗಳಿಗೆ ನಾನೇ ಇಲ್ಲ ಅಂತ ಹೇಳ್ಕೋತೀನಿ." ನಿರ್ದೇಶಕನ ಮುಖ ಹರಳೆಣ್ಣೆ ಕುಡಿದ ಹಾಗಾಗಿತ್ತು. ಆದರೂ ಒಳ್ಳೆಯ ಹುಡುಗ, ಮಾಮನ ಕೈಯಿಂದ ಚೀಲ ತೆಗೆದುಕೊಂಡು ಎಲ್ಲ ಬೂಟುಗಳನ್ನೂ ತಾನೇ ಸಾಲಾಗಿ ಜೋಡಿಸಿದ. ಎಡ-ಬಲ ಮಾತ್ರ ಅದಲುಬದಲು.

ಸಿನಿಮಾದ ಮೊದಲ ಪ್ರದರ್ಶನಕ್ಕೆ ಮಾಮನಿಗೂ ಹೆಂಡತಿಗೂ ಕರೆ ಬಂತು. ಹೆಂಡತಿ ಎಡಗಡೆ ಕೂತಳು. ಬಲಗಡೆ ಖಾಲಿಯಿದ್ದ ಸೀಟಿಗೆ ದೀಪ ಆರಿದ ಮೇಲೆ ಯಾರೋ ಬಂದು ಕೂತರು. ಕಾರಿಡಾರು ಬಂತು. ಇಡೀ ಹಾಲ್ ಪಿಟ್ ಅನ್ನದೆ ಕೂತಿತ್ತು. ಮಾಮ ಆ ದಿನ ಯಾರಿಗೂ ತಿವಿಯಲಿಲ್ಲ, ಕೈಕಟ್ಟಿ ಕಣ್ಣುಮುಚ್ಚಿ ಹೆಜ್ಜೆ ಎಣಿಸುತ್ತಿದ್ದ. ಇಪ್ಪತ್ತೋ ಇಪ್ಪತ್ತೊಂದೋ ಆಗಿರಬೇಕು, ಬಲಗಡೆಯಿಂದ ಒಂದು ಮೊಣಕೈ ಪಕ್ಕೆಗೆ ಬಲವಾಗಿ ತಿವಿಯಿತು.

ಹೀರೋ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು: "ನೀವೇ, ನೀವೇ."