ಚೀಲದೊಳಗಿಂದ ಬಂದ ದನಿ

ಈಗಲೂ ಹಗ್ಗ ಹಿಡಿಯಲು ನನಗೆ ಆಗುವುದಿಲ್ಲ. ಮಹಡಿಯಲ್ಲಿ ಬಟ್ಟೆ ಒಣಹಾಕಲು ಹಗ್ಗ ಕಟ್ಟುವಾಗಲೂ ಅಂಗೈ ತಾನಾಗಿ ಮುದುಡಿಕೊಳ್ಳುತ್ತದೆ. ಆಮೇಲೆ ಕಾಂಕ್ರೀಟ್ ತುಂಬಿದ ಆ ಬಕೆಟ್ಟು ಕಣ್ಣ ಮುಂದೆ ಬರುತ್ತದೆ. ನಿಧಾನವಾಗಿ, ಯಾರ ಮೇಲೂ ಸಿಟ್ಟಿಲ್ಲದ ಹಾಗೆ, ಮೂವರು ಗಾರೆಯವರ ತಲೆಯ ಮೇಲೆ ಇಳಿಯುತ್ತಿರುತ್ತದೆ.

ತಲಘಟ್ಟಪುರದ ಹತ್ತಿರ ಏಳುತ್ತಿದ್ದ ಅಪಾರ್ಟ್‌ಮೆಂಟೊಂದರಲ್ಲಿ ನಾನು ಸೈಟ್ ಎಂಜಿನಿಯರ್ ಆಗಿದ್ದೆ. ಕಟ್ಟಡದ ಮಗ್ಗುಲಲ್ಲೇ ನಮ್ಮ ಟವರ್ ಕ್ರೇನು. ಅದನ್ನು ನಡೆಸುವ ಆಪರೇಟರ್ ಮಳವಳ್ಳಿ ಕಡೆಯವರು, ಬೆಳಿಗ್ಗೆ ಮೇಲೆ ಹತ್ತಿದರೆ ಇಳಿಯುತ್ತಿದ್ದುದು ಸಂಜೆಗೇ. ಕೆಳಗೆ ನಿಂತು ಅವರಿಗೆ ಏರಿಸು, ಇಳಿಸು, ತಿರುಗಿಸು ಎಂದು ವಾಕಿಟಾಕಿಯಲ್ಲಿ ಹೇಳುವ ಸಿಗ್ನಲ್‌ಮನ್ ಅವರ ಸ್ವಂತ ಅಕ್ಕನ ಮಗ. ಮಾತಾಡುವಾಗೆಲ್ಲ ಮಾವ ಎಂದೇ ಕರೆಯುತ್ತಿದ್ದ. ಕೆಲಸದ ಹೊತ್ತಿನಲ್ಲಿ ಮಾತ್ರ ಅದೆಲ್ಲ ಇಲ್ಲ, ಒಂದೇ ಪದ: ಇಳಿಸು. ಲಿಫ್ಟ್ ಗೋಡೆಯ ಹಿಂದಿನ ಮೂಲೆ ಮೇಲಿನ ಕ್ಯಾಬಿನ್ನಿಗೆ ಕಾಣುವುದಿಲ್ಲ. ಅಲ್ಲಿ ಆಪರೇಟರಿಗೆ ಕಣ್ಣು ಎಂದರೆ ಆ ದನಿಯೊಂದೇ.

ರಸ್ತೆಯಾಚೆ ಇನ್ನೊಂದು ಸೈಟು ಶುರುವಾಯಿತು. ಅವರೂ ಕ್ರೇನ್ ನಿಲ್ಲಿಸಿದರು. ಅವರೂ ನಮ್ಮಂಥದೇ ಅಗ್ಗದ ವಾಕಿಟಾಕಿ ತಂದು, ಡಬ್ಬದಿಂದ ತೆಗೆದು ಹಾಗೇ ಬಳಸತೊಡಗಿದರು. ಡಬ್ಬದಲ್ಲಿ ಬರುವ ಸೆಟ್ಟುಗಳಲ್ಲೆಲ್ಲ ಕಾರ್ಖಾನೆಯವರು ತುಂಬಿದ ಚಾನೆಲ್‌ಗಳೇ ಇರುತ್ತವೆ, ಅವರದರಲ್ಲೂ ಅವೇ, ನಮ್ಮದರಲ್ಲೂ ಅವೇ. ಸೆಟ್ಟಿನ ಗುಂಡಿ ತಿರುಗಿಸಿ ಬೇರೆ ಚಾನೆಲ್ಲಿಗೆ ಹೋದೆವು. ಒಂದರಲ್ಲಿ ಪಕ್ಕದ ಲೇಔಟಿನ ಸೆಕ್ಯುರಿಟಿಯವರು, ಇನ್ನೊಂದರಲ್ಲಿ ಕಲ್ಯಾಣಮಂಟಪದ ಪಾರ್ಕಿಂಗಿನವರು. ಖಾಲಿ ಸಿಕ್ಕಿತು ಎಂದು ಒಂದರಲ್ಲಿ ನಿಂತರೆ, ಎದುರಿನವರೂ ನಮ್ಮಿಂದ ತಪ್ಪಿಸಿಕೊಳ್ಳಲು ತಿರುಗಿಸಿ ಅಲ್ಲಿಗೇ ಬಂದಿದ್ದರು.

ಆ ದಿನ ಬೆಳಿಗ್ಗೆ ಎದುರಿನವರ 'ಇಳಿಸು'ವಿಗೆ ನಮ್ಮ ಕ್ರೇನು ಇಳಿಸಿತು. ಸ್ಲ್ಯಾಬಿನ ಅಚ್ಚಿಗೆ ಹಾಕುವ ಸೆಂಟ್ರಿಂಗ್ ತಗಡುಗಳ ಕಟ್ಟು ಕಂಬಿ ಕಟ್ಟುವವರ ನಡುವೆ ಬಂದು ಕೂತಿತು. ಒಬ್ಬಾಕೆಯ ಊಟದ ಡಬ್ಬಿ ಚಪ್ಪಟೆಯಾಯಿತು. ಆಕೆ ಡಬ್ಬಿ ಬಿಟ್ಟು ನೀರು ಕುಡಿಯಲು ಎದ್ದಿದ್ದಳು, ಅಷ್ಟೇ.

ಪ್ರಾಜೆಕ್ಟ್ ಮ್ಯಾನೇಜರ್ ಹತ್ತಿರ ಓಡಿದೆ. "ಸಾರ್, ಕ್ರೇನ್ ನಿಲ್ಲಿಸಿ."

"ಸ್ಲ್ಯಾಬ್ ಅರ್ಧಕ್ಕೆ ನಿಲ್ಸಕ್ಕಾಗುತ್ತೇನಮ್ಮ? ಗೇಟಲ್ಲಿ ಗಾಡಿಗಳು ನಿಂತಿವೆ. ಕಾಂಕ್ರೀಟು ನಿಮ್ಮ ಭಯ ಕೇಳಲ್ಲ, ಗಟ್ಟಿಯಾಗುತ್ತೆ." ಆಮೇಲೆ ಅವರಿಗೂ ಏನೋ ಅನ್ನಿಸಿರಬೇಕು. "ಸ್ಟೋರಲ್ಲಿ ಎರಡು ಹೊಸ ಸೆಟ್ ಇವೆಯಲ್ಲ, ಪ್ರೋಗ್ರಾಮ್ ಮಾಡಿಸ್ಕೊಂಡು ಬನ್ನಿ. ಅಲ್ಲಿವರೆಗೆ ನಿಧಾನಕ್ಕೆ ಮಾಡಿಸ್ತೀನಿ."

ಎದುರಿನ ಸೈಟಿಗೂ ಹೋಗಿ ಬೇಡಿಕೊಂಡೆ. "ನಮ್ಮದೂ ಕಾಂಕ್ರೀಟೇ ಮೇಡಂ" ಎಂದರು. ಅವರ ಮುಖದಲ್ಲೂ ಭಯವೇ ಇತ್ತು.

ಬೇಕಾದದ್ದು ಇಷ್ಟೇ. ಎರಡೂ ಹೊಸ ಸೆಟ್ಟುಗಳಿಗೆ ಬೇರೆ ಫ್ರೀಕ್ವೆನ್ಸಿ ಬರೆಯಬೇಕು, ಜೊತೆಗೆ ಒಂದು ಗುರುತಿನ ಕೋಡ್. ಆಗ ಒಂದು ಸೆಟ್ಟು ಇನ್ನೊಂದರ ಮಾತಿಗಷ್ಟೇ ಬಾಯಿ ತೆರೆಯುತ್ತದೆ. ಅದಕ್ಕೊಂದು ಸಾಫ್ಟ್‌ವೇರ್, ಒಂದು ಕೇಬಲ್. ಕೇಬಲ್ಲಿನ ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದರಲ್ಲಿ ದಪ್ಪ ಸಣ್ಣ ಎರಡು ಪಿನ್ನು. ಸಾಫ್ಟ್‌ವೇರ್ ಇಳಿಸಿಕೊಂಡು, ಸ್ಟೋರಲ್ಲಿ ಬಿದ್ದಿದ್ದ ಕೇಬಲ್ ಸಿಕ್ಕಿಸಿ, ಆಫೀಸಿನ ಲ್ಯಾಪ್‌ಟಾಪ್ ತೆರೆದೆ. ಕೇಬಲ್ಲಿನ ಹೆಸರಿನ ಪಕ್ಕ ಹಳದಿ ಗುರುತು ಬಂತು. ತೆಗೆದು ಹಾಕಿದೆ, ಮತ್ತೆ ಹಳದಿ. ಕೇಬಲ್ಲನ್ನು ಗುರುತಿಸುವ ಡ್ರೈವರ್ ಸಾಫ್ಟ್‌ವೇರ್ ಬದಲಿಸಲು ಹೋದರೆ ಆಫೀಸಿನ ಪಾಸ್‌ವರ್ಡ್ ಕೇಳಿತು. ಅದಿರುವುದು ಹೆಡ್ ಆಫೀಸಿನವರ ಹತ್ತಿರ, ಅವರು ಫೋನ್ ಎತ್ತಲಿಲ್ಲ. ಹೊರಗೆ ಕ್ರೇನು ತಿರುಗುವ ಸದ್ದು ನಿಲ್ಲದೆ ಕೇಳಿಸುತ್ತಿತ್ತು. ಸದ್ದು ಸ್ವಲ್ಪ ತಡೆದರೂ ಎದ್ದು ಕಿಟಕಿಗೆ ಓಡುತ್ತಿದ್ದೆ.

ಬನಶಂಕರಿ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಇನ್ನೊಂದು ಕೇಬಲ್ ಕೊಂಡೆ. ಅಲ್ಲೇ ಮೆಟ್ರೋ ಮೆಟ್ಟಿಲ ಮೇಲೆ ಕೂತು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಸಿಕ್ಕಿಸಿದೆ. ಅದಕ್ಕೂ ಹಳದಿ ಗುರುತು. ಅಳು ಬಂತು. ಹೂ ಮಾರುವ ಹೆಂಗಸೊಬ್ಬಳು "ಪರೀಕ್ಷೆ ರಿಸಲ್ಟಾ ಅಕ್ಕ?" ಎಂದಳು. ಹೂಂ ಎಂದೆ.

ಆಗ ಶ್ರೀನಗರದ ಗೆಳತಿಯ ನೆನಪಾಯಿತು. ಕಾಲೇಜಿನಲ್ಲಿ ನಾನು ಸಿವಿಲ್, ಅವಳು ಎಲೆಕ್ಟ್ರಾನಿಕ್ಸ್. ಹವ್ಯಾಸಿಗಳು ಮನೆಯಿಂದಲೇ ನಡೆಸುವ ಹ್ಯಾಮ್ ರೇಡಿಯೋ ಅವಳ ಹುಚ್ಚು. ಫೋನ್ ಮಾಡಿ ಹೇಳಿದೆ. ಆಟೋ ಹಿಡಿದು ಬಾ ಎಂದಳು.

ಹೋದಾಗ ಊಟದ ಮೇಜಿನ ಮೇಲೆ ಹಳೇ ಕಂಪ್ಯೂಟರ್ ಆನ್ ಮಾಡಿಟ್ಟುಕೊಂಡು ಕೂತಿದ್ದಳು.

"ನಿನ್ನ ಲ್ಯಾಪ್‌ಟಾಪ್ ಜಾಸ್ತಿ ಹೊಸದು ಕಣೆ, ಅದೇ ತೊಂದರೆ. ಈ ಕೇಬಲ್ಲಿನ ತಲೆಯೊಳಗೆ ಒಂದು ಚಿಪ್ ಇದೆ, ಅದು ನಕಲಿ. ಹೊಸ ಡ್ರೈವರ್ ನಕಲಿ ಅಂತ ಕಂಡುಹಿಡಿದು ಮಾತು ಬಿಡುತ್ತೆ. ಹಳೇದು ನಮ್ಮ ಅಜ್ಜಿ ಥರ, ಬಾಗಿಲಿಗೆ ಬಂದೋರನ್ನೆಲ್ಲ ಒಳಗೆ ಕರೆಯುತ್ತೆ."

"ಬೇಗ ಮಾಡೇ."

"ಬೇಗ ಮಾಡಿದ್ರೆ ಸೆಟ್ ಸಾಯುತ್ತೆ. ಬ್ಯಾಟರಿ ತುಂಬಿದೆಯಾ? ಮೊದಲು ಅದು ಹೇಳು."

ಅವಳ ಕಂಪ್ಯೂಟರಿನಲ್ಲಿ ಹಳದಿ ಬರಲಿಲ್ಲ. ಕಂಪ್ಯೂಟರ್ ಕೇಬಲ್ಲನ್ನು ಗುರುತಿಸಿ ಅದಕ್ಕೊಂದು ಕಾಮ್ ಪೋರ್ಟ್ ನಂಬರ್ ಕೊಟ್ಟಿತು. ಸಾಫ್ಟ್‌ವೇರಿನಲ್ಲಿ ಅದೇ ನಂಬರ್ ಆರಿಸಿದಳು. ಪಿನ್ನು ಟಕ್ ಎನ್ನುವವರೆಗೆ ಒತ್ತು ಎಂದಳು. ಮೊದಲು ಸೆಟ್ಟಿನೊಳಗೆ ಏನಿದೆಯೋ ಅದನ್ನು ಓದಿ ಉಳಿಸಿಕೊಂಡಳು, ಅದರ ಮೇಲೇ ತಿದ್ದಿದಳು. ಲೈಸೆನ್ಸ್ ಬೇಡದ ಫ್ರೀಕ್ವೆನ್ಸಿಯನ್ನೇ ಹಾಕಿದಳು. ಆಮೇಲೆ ಬರೆಯಲು ಕೊಟ್ಟಳು. ಪರದೆಯ ಮೇಲೆ ನೀಲಿ ಪಟ್ಟಿ ತೆವಳತೊಡಗಿ ನಡುವೆ ನಿಂತಿತು.

ನನ್ನ ಕೈ ಕೇಬಲ್ ಕಡೆ ಹೋಯಿತು. ಅವಳು ಮಣಿಕಟ್ಟು ಹಿಡಿದಳು. "ಮುಟ್ಟಬೇಡ. ಈಗ ಅಲ್ಲಾಡಿದ್ರೆ ಅರ್ಧ ಬರೆದ ಸೆಟ್ಟು. ಕಲ್ಲಿಗೆ ಸಮ."

ಪಟ್ಟಿ ನಿಂತೇ ಇತ್ತು. ಸೈಟಿನಿಂದ ಫೋನ್ ಬಂದರೆ ಏನೆಂದು ಬರಬಹುದು ಎಂದು ನಾನು ಒಂದೊಂದೇ ಮುಖ ನೆನೆಯುತ್ತ ಕೂತೆ. ಬಿಡದೆ ಹಿಡಿದಿದ್ದ ಅವಳ ಬೆರಳುಗಳ ಗುರುತು ಮಣಿಕಟ್ಟಿನ ಮೇಲೆ ಮೂಡಿತ್ತು. ಪಟ್ಟಿ ಮತ್ತೆ ತೆವಳಿ ತುದಿ ಮುಟ್ಟಿತು.

ಎರಡನೆಯದು ಸಲೀಸಾಗಿ ಆಯಿತು. ಒಂದು ಸೆಟ್ಟು ಹಿಡಿದು ಅವಳು ಅಡುಗೆಮನೆಗೆ ಹೋದಳು. "ಕಾಫಿ ಕುಡೀತೀಯಾ?" ಎಂದು ನನ್ನ ಕೈಯಲ್ಲಿದ್ದ ಸೆಟ್ಟು ಕೇಳಿತು. ಕುಡಿಯದೆ ಓಡಿದೆ.

ಸೈಟಿನಲ್ಲಿ ಎಲ್ಲರೂ ಇದ್ದರು. ಯಾರಿಗೂ ಏನೂ ಆಗಿರಲಿಲ್ಲ. ಸ್ಲ್ಯಾಬಿನ ಮೇಲೆ ಹತ್ತಿದೆ. ಹಿಂದಿನ ಮೂಲೆಯಲ್ಲಿ ಮೂವರು ಗಾರೆಯವರು ಮೊಣಕಾಲವರೆಗಿನ ಗಂಬೂಟಿನಲ್ಲಿ ಹಸಿ ಕಾಂಕ್ರೀಟ್ ಹರಡುತ್ತಿದ್ದರು. ಅವರ ಮೇಲೆ, ಎತ್ತರದಲ್ಲಿ, ತುಂಬಿದ ಬಕೆಟ್ಟು ಕಾದು ನಿಂತಿತ್ತು.

ಸಿಗ್ನಲ್‌ಮನ್ ಕೈಗೆ ಒಂದು ಹೊಸ ಸೆಟ್ಟು ಕೊಟ್ಟೆ. "ಬಂತಾ ಮೇಡಂ? ಬೆಳಗಿಂದ ಎದುರಿನೋರ ಹೆಂಡ್ತಿ ಜಗಳ ಎಲ್ಲ ನನ್ನ ಕಿವೀಲೇ" ಎಂದು ನಕ್ಕ. ಇನ್ನೊಂದು ಮೇಲಕ್ಕೆ ಹೋಗಬೇಕಿತ್ತು. ಆಪರೇಟರಿಗೆ ಊಟ, ನೀರು ಹೋಗುತ್ತಿದ್ದುದು ಹಗ್ಗದಲ್ಲಿ. ಕ್ಯಾಬಿನ್ ಪಕ್ಕದ ರಾಟೆಯ ಮೇಲೆ ಹಗ್ಗ, ತುದಿಯಲ್ಲಿ ಬಟ್ಟೆಚೀಲ, ಎಳೆಯುವವರು ಸ್ಲ್ಯಾಬಿನ ಮೇಲೆ ನಿಂತು ಎಳೆಯುವುದು. ಮೇಲೆ ಅವರು ಹುಡುಕಾಡುವುದು ಬೇಡವೆಂದು ನಾನೇ ಸೆಟ್ಟನ್ನು ಆನ್ ಮಾಡಿ, ದನಿ ಪೂರ್ತಿ ಏರಿಸಿ, ಊಟದ ಡಬ್ಬಿಯ ಪಕ್ಕದಲ್ಲಿ ಇಟ್ಟೆ.

ಸಿಗ್ನಲ್‌ಮನ್ ಹಳೇ ಸೆಟ್ಟಿನಲ್ಲಿ ಹೇಳಿದ: "ಊಟದ ಚೀಲದಲ್ಲಿ ಹೊಸ ಸೆಟ್ ಬತ್ತದೆ, ತಗೋ." ಹೇಳಿ ಹಳೇದನ್ನು ಆಫ್ ಮಾಡಿ ನನ್ನ ಕೈಗೆ ಕೊಟ್ಟ. ನಾನು ಅದನ್ನು ಜಾಕೆಟ್ಟಿನ ಒಳಜೇಬಿಗೆ ಹಾಕಿ ಜಿಪ್ ಎಳೆದೆ. ಅವನು ಹೊಸದನ್ನು ಎದೆಗೆ ಸಿಕ್ಕಿಸಿಕೊಂಡು ಮೂಲೆಗೆ ಹೋದ. ನಾನು ಹಗ್ಗ ಎಳೆಯತೊಡಗಿದೆ.

ಚೀಲ ಅರ್ಧ ದಾರಿಯಲ್ಲಿತ್ತು. ಬಕೆಟ್ಟು ಅಲುಗಿತು. ಇಳಿಯತೊಡಗಿತು.

ಕೆಳಗಿನಿಂದ ಯಾರೂ ಹೇಳಿರಲಿಲ್ಲ. ಮೇಲೆ ಕ್ಯಾಬಿನ್ನಿನಲ್ಲಿ ಇದ್ದದ್ದು ಹಳೇ ಸೆಟ್ಟೊಂದೇ, ಅದರಲ್ಲಿ ಮಾತಾಡಲು ಉಳಿದಿದ್ದವರು ಎದುರಿನವರೊಬ್ಬರೇ. ಸಿಗ್ನಲ್‌ಮನ್ ಹೊಸ ಸೆಟ್ಟಿನಲ್ಲಿ ಕೂಗಿದ. ಅವನ ದನಿ ಕ್ಯಾಬಿನ್ನಿನಲ್ಲಿ ಏಳಲಿಲ್ಲ. ಗಾಳಿಯಲ್ಲಿ ತೂಗುತ್ತಿದ್ದ ಬಟ್ಟೆಚೀಲದಲ್ಲಿ ಎದ್ದಿತು. "ಮಾವ, ನಿಲ್ಸು. ಮಾವ. ಮಾವ."

ಆ ಕ್ಷಣದಲ್ಲೇ ನಾನು ಇನ್ನೂ ನಿಂತಿದ್ದೇನೆ. ಜೇಬಿನ ಜಿಪ್ ತೆಗೆದು ಹಳೇ ಸೆಟ್ಟನ್ನು ಆನ್ ಮಾಡಬಹುದಿತ್ತು. ಹಾಗೆ ಮಾಡಲು ಹಗ್ಗ ಬಿಡಬೇಕಿತ್ತು. ಬಿಟ್ಟರೆ ಚೀಲ ಬೀಳುತ್ತಿತ್ತು. ಆನ್ ಮಾಡಿದರೂ ಎದುರಿನವನು ಮಾತಾಡುತ್ತಲೇ ಇದ್ದರೆ ನನ್ನ ದನಿ ಮೇಲೆ ತಲುಪುತ್ತಿತ್ತೋ ಇಲ್ಲವೋ. ಇದನ್ನೆಲ್ಲ ಈಗ ಮನೆಯಲ್ಲಿ ಕೂತು ಲೆಕ್ಕ ಹಾಕುತ್ತೇನೆ, ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ. ಆಗ ನನಗೆ ಹೊಳೆದದ್ದು ಒಂದೇ, ಆ ದನಿಯನ್ನು ಮೇಲಕ್ಕೆ ಎಳೆಯುವುದು.

ಎಳೆದೆ. ನೈಲಾನ್ ಹಗ್ಗ ಅಂಗೈಯನ್ನು ಸುಡುತ್ತಾ ಹೋಯಿತು. ಚೀಲ ಕ್ರೇನಿನ ಕಂಬಿಗಳಿಗೆ ಬಡಿಯುತ್ತಾ, ಮಾವ ಮಾವ ಎನ್ನುತ್ತಾ ಏರಿತು. ಮೂಲೆಯಲ್ಲಿ ಇಬ್ಬರು ಗಾರೆಯವರು ಸೆಂಟ್ರಿಂಗ್ ಅಂಚಿನ ಕಡೆ ಹಾರಿದರು. ಮೂರನೆಯವನ ಗಂಬೂಟು ಕಾಂಕ್ರೀಟಿನಲ್ಲಿ ಹೂತಿತ್ತು. ಅವನು ಒಂದು ಕಾಲು ಕಿತ್ತ, ಇನ್ನೊಂದು ಬರಲಿಲ್ಲ. ತಲೆಯ ಮೇಲೆ ಕೈಯಿಟ್ಟುಕೊಂಡು ಹಸಿ ಕಾಂಕ್ರೀಟಿನಲ್ಲಿ ಮಲಗಿಬಿಟ್ಟ.

ಚೀಲ ರಾಟೆಗೆ ತಾಗಿತು. ಬಕೆಟ್ಟು ನಿಂತಿತು.

ಅವನ ಬೆನ್ನಿಗೂ ಬಕೆಟ್ಟಿಗೂ ನಡುವೆ ಒಂದು ಹಲಗೆ ತೂರಿಸುವಷ್ಟು ಜಾಗವಿತ್ತು. ಬಕೆಟ್ಟಿನ ಬಾಯಿಂದ ಕಾಂಕ್ರೀಟಿನ ನೀರು ಅವನ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವನನ್ನು ಎಳೆದು ತೆಗೆದರು. ಬೂಟು ಅಲ್ಲೇ ಉಳಿಯಿತು. ನೀರು ಹಾಕಿ ಮುಖ ತೊಳೆದರು. ಒಂದೇ ಬೂಟಿನಲ್ಲಿ ಗೇಟಿನ ತನಕ ನಡೆದು ಹೋದ. ಮತ್ತೆ ನಮ್ಮ ಸೈಟಿಗೆ ಬರಲಿಲ್ಲ.

ಸಂಜೆ ಆಪರೇಟರ್ ಇಳಿದು ಬಂದರು. ಅಕ್ಕನ ಮಗನನ್ನು ನೋಡಲಿಲ್ಲ, ನನ್ನ ಪಟ್ಟಿ ಸುತ್ತಿದ ಕೈಗಳನ್ನು ನೋಡಿದರು.

"ಇಳಿಸು ಅಂತು, ಇಳಿಸ್ದೆ ಮೇಡಂ. ಕಿಟಕಿ ಹತ್ರ ಚೀಲ ಬಂತು. ಊಟ ಬಂತು ಅಂತ ತಿರುಗಿದ್ರೆ, ಚೀಲದೊಳಗಿಂದ ಮಾವ ಅಂದ."

ಊಟದ ಡಬ್ಬಿ ಅವರ ಕೈಯಲ್ಲಿತ್ತು, ತೆರೆದಿರಲಿಲ್ಲ.

"ಕೆಲಸದಲ್ಲಿ ಇವನು ಯಾವತ್ತೂ ಮಾವ ಅನ್ನಲ್ಲ," ಎಂದರು. "ಅದಕ್ಕೇ ಕೈ ನಿಂತೋಯ್ತು."