ಪ್ರಯೋಗಾಲಯದ ಗೋಡೆಯಲ್ಲಿ ಸವೆದ ಜಾಗ

ಕೊರೊನಾ ಕಾಲ ಮುಗಿದು ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ. ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಬೆಳಗಾವಿಯ ಒಂದು ಪದವಿ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಅಟೆಂಡರ್ ಆಗಿದ್ದೆ. ಊರು ಖಾನಾಪುರ. ಮೆಟ್ರಿಕ್ ಮುಗಿಸಿ ಕೆಲಸಕ್ಕೆ ಸೇರಿದವನು ಬೆಳಗಾವಿಯ ಅನಗೋಳದಲ್ಲಿ ಮನೆ ಮಾಡಿ ಅಲ್ಲೇ ಮುದುಕನಾದೆ.

ನನಗೊಂದು ಕೆಟ್ಟ ಅಭ್ಯಾಸವಿತ್ತು. ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಬಾಟಲಿಯಲ್ಲಿ ಬಿಳಿ ಪುಡಿ ಕೊಡುತ್ತಾರೆ. ಅದನ್ನು ಪರೀಕ್ಷಿಸಿ ಯಾವ ಲವಣ ಎಂದು ಹೇಳಬೇಕು. ಬಾಟಲಿ ತುಂಬುವವನು ನಾನೇ, ಹಾಗಾಗಿ ಉತ್ತರ ನನಗೆ ಮೊದಲೇ ಗೊತ್ತಿರುತ್ತಿತ್ತು. ಯಾರಾದರೂ ತಡವರಿಸಿದರೆ ಅವರ ಕಡೆ ನೋಡಿ ಸನ್ನೆ ಮಾಡುತ್ತಿದ್ದೆ. ಗೋಡೆಯ ಸುಣ್ಣ ಸವರಿದರೆ ಕ್ಯಾಲ್ಸಿಯಂ. ಸತುವಿನ ಲೇಪದ ಪತ್ರಾ ಬಕೀಟು ಎತ್ತಿದರೆ ಸತುವು. ಅಲ್ಯೂಮಿನಿಯಂ ಲೋಟ ಒರೆಸಿದರೆ ಅಲ್ಯೂಮಿನಿಯಂ. ಇದು ಹಳೆಯ ಹುಡುಗರಿಂದ ಹೊಸ ಹುಡುಗರಿಗೆ ತಾನಾಗಿಯೇ ದಾಟುತ್ತಿತ್ತು. ಹಣಕ್ಕಾಗಿ ನಾನು ಮಾಡಿದವನಲ್ಲ. ಬಡ ಮಕ್ಕಳು ಪಾಸಾಗಲಿ ಎಂದುಕೊಳ್ಳುತ್ತಿದ್ದೆ. ಆದರೆ ಅವರು 'ಕಾಕಾ, ಕಾಕಾ' ಎಂದು ಸುತ್ತುವುದು ನನಗೆ ಹಿತವಾಗಿತ್ತು, ಅದನ್ನೂ ಇಲ್ಲಿ ಮುಚ್ಚಿಡುವುದಿಲ್ಲ.

ಆ ವರ್ಷ ಜ್ಯೋತಿ ಮೇಡಂ ಹೊಸದಾಗಿ ಬಂದರು. ಪ್ರತಿ ಕೋರ್ಸು ಮುಗಿದಾಗ ವಿದ್ಯಾರ್ಥಿಗೆ ಏನು ಬರಬೇಕು ಎಂಬುದನ್ನು ಮೊದಲೇ ಬರೆದಿಡಬೇಕು, ಅದು ಬಂದಿದೆಯೋ ಇಲ್ಲವೋ ಅಳೆದು ತೋರಿಸಬೇಕು ಎಂದು ಕಾಲೇಜಿನಲ್ಲಿ ನಿಯಮವಾಗಿತ್ತು. ಉಳಿದವರು ಹಳೆಯದನ್ನೇ ನಕಲು ಮಾಡಿ ಕೊಟ್ಟರು. ಮೇಡಂ ಹಾಗೆ ಮಾಡಲಿಲ್ಲ.

"ಕಾಕಾ, ಇಷ್ಟ ದಿವಸ ಏನ ಬರದಿದ್ರು ನೋಡ್ರಿಲ್ಲೆ. 'ವಿದ್ಯಾರ್ಥಿಗಳು ಲವಣಗಳ ಬಗ್ಗೆ ಅರಿಯುವರು' ಅಂತ. ಅರಿತಾರೋ ಬಿಟ್ಟಾರೋ, ನೋಡೂದು ಹೆಂಗ್ರಿ? ಕೈಲೆ ಏನ ಮಾಡಾಕ ಬರತೈತಿ, ಅದನ್ನ ಬರೀಬೇಕು."

ಅವರು ಬರೆದ ಹಾಳೆಯನ್ನು ಬಾಗಿಲಿಗೆ ಅಂಟಿಸಿದವನು ನಾನೇ. 'ಗೊತ್ತಿಲ್ಲದ ಲವಣವನ್ನು ವಿದ್ಯಾರ್ಥಿ ಯಾರ ಸಹಾಯವಿಲ್ಲದೆ ಪರೀಕ್ಷಿಸಿ ಗುರುತಿಸಬೇಕು' ಎಂದಿತ್ತು. ಅಂಟು ಸವರುವಾಗ ನನ್ನ ಕೈ ಸ್ವಲ್ಪ ತಡೆಯಿತು.

"ಖರೇ ಹೇಳ್ರಿ ಕಾಕಾ," ಎಂದರು ಮೇಡಂ. "ಹೋದ ವರ್ಷ ಬಹಳ ಮಂದಿ ಪಾಸಾಗ್ಯಾರ. ಒಬ್ಬಾಂವಗರ ನೆಟ್ಟಗ ಬರ್ನರ್ ಹಚ್ಚಾಕ ಬರವಲ್ತು. ಹೆಂಗ ಪಾಸಾದ್ರಿವ್ರು?"

"ಹುಡುಗ್ರು ಶಾಣ್ಯಾ ಅದಾರ್ರಿ."

ಅವರು ನಕ್ಕು ಗೋಡೆಯ ಕಡೆ ಕೈ ತೋರಿಸಿದರು. "ಇಲ್ಲೆ ಒಂದ ಕಡೆ ಸುಣ್ಣ ಯಾಕ ಹಿಂಗ ಸವದೈತ್ರಿ?"

"ಹಸಿ ಗ್ವಾಡಿ ರೀ ಮೇಡಂ," ಎಂದೆ.

ಒಳ ಪರೀಕ್ಷೆಯ ದಿನ ಬಂತು. ಇದರಲ್ಲಿ ಪಾಸಾದವರಿಗೆ ಮಾತ್ರ ಮುಂದಿನ ಪರೀಕ್ಷೆಗೆ ಕೂರಲು ಅವಕಾಶ. ಪಾರಿಶ್ವಾಡದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಸವಿತಾ ಎಂಬ ಹುಡುಗಿ ಎಲ್ಲರಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ಸಲ ಆಕೆ ನಪಾಸಾಗಿದ್ದಳು. ನನ್ನ ಸನ್ನೆಯ ಸುದ್ದಿ ಗೊತ್ತಿದ್ದರೂ ಎಂದೂ ನನ್ನ ಕಡೆ ನೋಡಿದವಳಲ್ಲ.

"ಅಂಜಿಕಿ ಆಗೇತ್ರಿ ಕಾಕಾ. ಈ ಸಲಾನೂ ಹೋತಂದ್ರ ಅಪ್ಪಾ ಕಾಲೇಜ ಬಿಡಸ್ತಾನು. ನಿನ್ನಿ ಹೇಳೇ ಬಿಟ್ಟಾನು."

"ಏನಾಗಂಗಿಲ್ಲ ತಂಗಿ, ಹೋಗು ಕುಂದರು," ಎಂದೆ. ಈಕೆಯನ್ನು ದಾಟಿಸಿಯೇ ಬಿಡಬೇಕು ಎಂದು ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ.

ಸವಿತಾಗೆ ನಾಲ್ಕನೆಯ ನಂಬರಿನ ಬಾಟಲಿ ಸಿಕ್ಕಿತು. ಎಷ್ಟೋ ವರ್ಷದಿಂದ ಆ ನಂಬರಿನ ಬಾಟಲಿಗಳಲ್ಲೆಲ್ಲ ಕ್ಯಾಲ್ಸಿಯಂ ಲವಣವೇ ಇರುತ್ತಿತ್ತು, ಈ ಸಲವೂ ಅದನ್ನೇ ತುಂಬಿಟ್ಟಿದ್ದೆ. ಆಕೆ ತಂತಿಯ ತುದಿಗೆ ಪುಡಿ ಹಚ್ಚಿ ಬರ್ನರಿಗೆ ಹಿಡಿದಳು, ಜ್ವಾಲೆಯ ಬಣ್ಣ ಬಗ್ಗಿ ನೋಡಿದಳು, ಬರೆದಳು. ಮುಖದಲ್ಲಿ ಸಣ್ಣ ಸಮಾಧಾನವಿತ್ತು. ತಲೆ ಎತ್ತಿದಾಗ ನಾನು ಆಕೆಯನ್ನೇ ನೋಡುತ್ತ ಗೋಡೆಯ ಸುಣ್ಣ ಸವರಿದೆ.

ಆಕೆಯ ಮುಖ ಬಿಳಚಿಕೊಂಡಿತು. ಮತ್ತೆ ತಂತಿ ಹಿಡಿದಳು, ಮತ್ತೆ ನೋಡಿದಳು. ನನ್ನ ಕಡೆ ನೋಡಿದಳು. ನಾನು ಇನ್ನೊಮ್ಮೆ ಸವರಿದೆ. ಆಕೆ ಪೆನ್ನು ತೆಗೆದುಕೊಂಡು ಬರೆದದ್ದನ್ನು ಹೊಡೆದು ಹಾಕಿ ಬೇರೇನೋ ಬರೆದಳು.

ಆಮೇಲೆ ನೀರು ಒಯ್ಯುತ್ತ ಆಕೆಯ ಹಿಂದಿನ ಮೇಜಿನ ಹತ್ತಿರ ಹೋದೆ. ಅಲ್ಲೂ ನಾಲ್ಕನೆಯ ಬಾಟಲಿಯೇ. ಆ ಹುಡುಗ ನನ್ನ ಸನ್ನೆ ನೋಡಿ ಆಗಲೇ ಉತ್ತರ ಬರೆದು ಮುಗಿಸಿ, ಸುಮ್ಮನೆ ಆಟಕ್ಕೆ ತಂತಿಯನ್ನು ಬೆಂಕಿಗೆ ಹಿಡಿದಿದ್ದ, ನೋಡುತ್ತ ಕೂಡ ಇರಲಿಲ್ಲ. ಕ್ಯಾಲ್ಸಿಯಂ ಆದರೆ ಜ್ವಾಲೆ ಇಟ್ಟಿಗೆ ಕೆಂಪಾಗಬೇಕು. ಅದು ಎಳೆ ಹಸಿರಾಗಿತ್ತು. ಅದು ಬೇರಿಯಂ.

ಮೇಡಂ ನನಗೆ ಹೇಳದೆ ಬಾಟಲಿಗಳ ಪುಡಿ ಬದಲಿಸಿದ್ದರು! ಹುಡುಗಿ ಸರಿಯಾಗಿಯೇ ಬರೆದಿದ್ದಳು. ಅದನ್ನು ಹೊಡೆಸಿದವನು ನಾನು. ಈಗ ತಿದ್ದುವುದು ಹೇಗೆ? ಬೇರಿಯಂಗೆ ನಮ್ಮಲ್ಲಿ ಸನ್ನೆಯೇ ಇರಲಿಲ್ಲ. ಒರೆಸುವ ಬಟ್ಟೆ ಹಿಡಿದು ಆಕೆಯ ಹತ್ತಿರ ಸರಿದೆ.

"ಕಾಕಾ, ಬಾಗಲಾ ಹಂತೇಕ ನಿಂದರ್ರಿ," ಎಂದರು ಮೇಡಂ. ದನಿ ಮೆತ್ತಗಿತ್ತು, ಕಣ್ಣು ನನ್ನ ಮೇಲಿತ್ತು. ಬಾಗಿಲಿಗೆ ಹೋಗಿ ನಿಂತೆ. ಬೆನ್ನಿಗೆ ನಾನೇ ಅಂಟಿಸಿದ ಹಾಳೆ. ಸವಿತಾ ಉತ್ತರಪತ್ರಿಕೆ ಕೊಟ್ಟಳು. ನಾನು ನೋಡುತ್ತಲೇ ಇದ್ದೆ.

ಉತ್ತರಪತ್ರಿಕೆಗಳನ್ನು ತಿರುವಿ ನೋಡುತ್ತಿದ್ದ ಮೇಡಂ, ಉಳಿದವರೆಲ್ಲ ಹೋದರೂ ಸವಿತಾಳನ್ನು ನಿಲ್ಲಿಸಿಕೊಂಡರು.

"ನಾಕನೇ ಬಾಟ್ಲಿ ಬಂದವರೆಲ್ಲಾ 'ಕೆಂಪು ಜ್ವಾಲೆ' ಅಂತ ಬರದಾರ. ಕಾಣದಿದ್ದದ್ದನ್ನ ಕಂಡಾರ. ನೀ ಒಬ್ಬಾಕಿ ಹಸರು ಅಂತ ಬರದಿ, ಬೇರಿಯಂ ಅಂತ ಬರದಿ. ಆಮ್ಯಾಲೆ ಯಾಕ ಹೊಡದಿ? ಯಾರರ ಹೇಳಿದ್ರೇನು?"

ಹೌದು ಎಂದರೆ ಅದು ನಕಲು, ಪರೀಕ್ಷೆಯೇ ರದ್ದು. ಆಕೆ ನೆಲ ನೋಡುತ್ತ, "ಇಲ್ರಿ ಮೇಡಂ. ನಂದ ತಪ್ಪು," ಎಂದಳು.

ಮೇಡಂ ನನ್ನ ಕಡೆ ತಿರುಗಿದರು. "ಕಾಕಾ, ನಿಮಗೇನರ ಗೊತ್ತೇನ್ರಿ?"

"ಇಲ್ರಿ," ಎಂದೆ.

ಎಷ್ಟು ಬೇಗ ಬಂತು ಆ ಸುಳ್ಳು! ನಿವೃತ್ತಿಯ ಹೊತ್ತಿಗೆ ಮಾನ ಹೋಗುತ್ತದೆ ಎಂಬ ಭಯ ನನ್ನ ಬಾಯಿಂದ ಮಾತಾಡಿತ್ತು. ಸವಿತಾ ಚೀಲ ಹೆಗಲಿಗೇರಿಸಿ ಹೊರಟಳು. ನಾನು ಹೊರಗೆ ಹಿಂದೆ ಹಿಂದೆ ಹೋದೆ. ಬೈಯುತ್ತಾಳೆ ಎಂದುಕೊಂಡಿದ್ದೆ.

"ಕಾಕಾ, ನನಗ ಹಸರ ಕಂಡಿತ್ರಿ," ಎಂದಳು. "ಎರಡೂ ಸಲ ಹಸರ ಕಂಡಿತ್ರಿ. ನೀವು ಸುಳ್ಳ ಹೇಳೂದಿಲ್ಲಂತ, ನನ್ನ ಕಣ್ಣ ಸುಳ್ಳ ಅಂದಕೊಂಡ್ನಿ."

ಅಷ್ಟು ಹೇಳಿ ಊರಿನ ಬಸ್ಸು ತಪ್ಪೀತೆಂದು ಓಡಿದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಎದ್ದು ಮನೆಗೆ ಹೋಗಬಹುದಿತ್ತು. ಗೇಟಿನವರೆಗೆ ಹೋದೆ ಕೂಡ. ಆಮೇಲೆ ತಿರುಗಿ ಬಂದು, ಮೇಡಂ ನೋಡುತ್ತಿದ್ದಂತೆ ಆ ಗೋಡೆಯ ಹತ್ತಿರ ಹೋಗಿ ಸವೆದ ಜಾಗದ ಮೇಲೆ ಕೈ ಇಟ್ಟೆ. ಅಂಗೈ ಸರಿಯಾಗಿ ಕೂತಿತು.

ಮೇಡಂ ಎದ್ದು ಹತ್ತಿರ ಬಂದು ನೋಡಿದರು. "ಹಸಿ ಗ್ವಾಡಿ ಅಂದಿದ್ರಿ," ಎಂದರು. ನನಗೆ ಬೈಗುಳಕ್ಕಿಂತ ಅದು ಹೆಚ್ಚಾಯಿತು.

ಮರುದಿನ ಪ್ರಾಂಶುಪಾಲರ ಮುಂದೆ ಎಲ್ಲ ಒಪ್ಪಿಕೊಂಡೆ. ಎಚ್ಚರಿಕೆ ಕೊಟ್ಟು ನನ್ನನ್ನು ಗ್ರಂಥಾಲಯಕ್ಕೆ ಹಾಕಿದರು. ಆ ಪರೀಕ್ಷೆ ಎಲ್ಲರಿಗೂ ಹೊಸದಾಗಿ ನಡೆಯಿತು. ಹುಡುಗರು ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿದರು. ಒಬ್ಬ, "ಕಾಕಾ ನಮ್ಮನ್ನ ಮುಳಗಿಸಿಬಿಟ್ಟ," ಎಂದು ಕೇಳುವಂತೆಯೇ ಅಂದ.

ಮರುಪರೀಕ್ಷೆಯ ದಿನ ಗ್ರಂಥಾಲಯದ ಕಿಟಕಿಯಿಂದ ಪ್ರಯೋಗಾಲಯ ಕಾಣುತ್ತಿತ್ತು. ಸವಿತಾ ತಂತಿಯನ್ನು ಬೆಂಕಿಗೆ ಹಿಡಿದಳು. ಒಮ್ಮೆ ತಲೆ ಎತ್ತಿ ಆ ಗೋಡೆಯ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಜ್ವಾಲೆ ನೋಡಿದಳು, ಬರೆದಳು, ಹೊಡೆಯಲಿಲ್ಲ. ಪಾಸಾದಳು.

ಈಗ ನಾನು ಖಾನಾಪುರದಲ್ಲಿದ್ದೇನೆ. ಪೇಟೆಯಲ್ಲಿ ಹಳೆಯ ವಿದ್ಯಾರ್ಥಿಗಳು ಸಿಗುತ್ತಾರೆ. ಕೆಲವರು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾರೆ. "ಕಾಕಾ, ನಿಮ್ಮಿಂದ ಪಾಸಾದ್ವಿ ನೋಡ್ರಿ," ಎಂದು ಪ್ರೀತಿಯಿಂದ ಚಹಾ ಕುಡಿಸುತ್ತಾರೆ. ನನಗೆ ಗುಟುಕು ಇಳಿಯುವುದಿಲ್ಲ. ಸವಿತಾಗೆ ಇನ್ನೊಂದು ಪರೀಕ್ಷೆ ಸಿಕ್ಕಿತು, ಇವರಿಗೆ ಸಿಗುವುದಿಲ್ಲ. ಇವರಲ್ಲಿ ಎಷ್ಟು ಮಂದಿ ನನ್ನ ಕೈಯನ್ನಷ್ಟೇ ನೋಡಿ, ಜ್ವಾಲೆಯನ್ನು ಒಮ್ಮೆಯೂ ನೋಡದೆ ಹೊರಗೆ ಹೋದರೋ, ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.